ಪದಚರ್ಚೆ: ನಮ್ಮ ಡಿಎನ್‌ಎ ಒಳಗಿನ ಹಳೆಯ ವೈರಸ್‌ಗಳನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಜೀವವಿಜ್ಞಾನದ ಕಿರುಪುಸ್ತಕ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ, ನಿಮ್ಮ ಸಹಾಯ ಬೇಕು. ‘ಎಂಡೋಜೀನಸ್ ರೆಟ್ರೊವೈರಸ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ‘ಅಂತರ್ಜನ್ಯ ರೆಟ್ರೊವೈರಸ್’ ಅಂತ ಬರೆದು ಮುಂದೆ ಹೋಗಬಹುದು. ಆದರೆ ಅಂತರ್ಜನ್ಯ ಅಂದರೆ ಒಳಗೇ ಹುಟ್ಟಿದ್ದು ಅಲ್ವಾ? ಈ ವೈರಸ್‌ಗಳು ಹೊರಗಿನಿಂದ ಬಂದು ಸೇರಿಕೊಂಡವು. ಮಕ್ಕಳು ಪದ ನೋಡಿ ತಪ್ಪು ತಿಳಿದುಕೊಳ್ಳುತ್ತಾರೆ ಅನ್ನುವುದು ನನ್ನ ಚಿಂತೆ.

ವಿಷಯ ಹೊಸದಾಗಿರುವವರಿಗೆ ಸ್ವಲ್ಪ ಹಿನ್ನೆಲೆ. ರೆಟ್ರೊವೈರಸ್‌ಗಳ ವಂಶವಾಹಿಗಳು ಆರ್‌ಎನ್‌ಎ ರೂಪದಲ್ಲಿರುತ್ತವೆ. ಜೀವಕೋಶವನ್ನು ಹೊಕ್ಕ ಮೇಲೆ ಆ ಆರ್‌ಎನ್‌ಎಯಿಂದ ಡಿಎನ್‌ಎ ನಕಲು ತಯಾರಾಗುತ್ತದೆ. ಆ ನಕಲು ನಮ್ಮ ಡಿಎನ್‌ಎ ಎಳೆಯೊಳಗೇ ಸೇರಿಕೊಳ್ಳುತ್ತದೆ. ಹೀಗೆ ಉಲ್ಟಾ ನಕಲು ಮಾಡುವ ಕಿಣ್ವವನ್ನು 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದರು. ಎಚ್‌ಐವಿಯೂ ಇದೇ ಗುಂಪಿನದು. ಆದರೆ ಎಚ್‌ಐವಿ ಮುಖ್ಯವಾಗಿ ಸೇರುವುದು ಕೆಲವು ಬಗೆಯ ಬಿಳಿ ರಕ್ತಕಣಗಳಿಗೆ. ಅದು ವಂಶವಾಹಿಯ ಭಾಗವಾಗಿ ಮಕ್ಕಳಿಗೆ ಹೋಗುವುದಿಲ್ಲ.

ತುಂಬ ಅಪರೂಪಕ್ಕೆ ಒಂದು ರೆಟ್ರೊವೈರಸ್, ಅಂಡಾಣು ಅಥವಾ ವೀರ್ಯಾಣು ಆಗುವ ಜೀವಕೋಶದೊಳಗೆ ಸೇರಿಬಿಡುತ್ತದೆ. ಅದರಿಂದ ಮಗು ಹುಟ್ಟಿತು ಅಂದರೆ ಆ ಮಗುವಿನ ಮೈಯ ಎಲ್ಲ ಜೀವಕೋಶಗಳಲ್ಲೂ ವೈರಸ್‌ನ ನಕಲು ಇರುತ್ತದೆ. ಅಲ್ಲಿಂದ ಮುಂದಿನ ಪೀಳಿಗೆಗೂ ಹೋಗಬಹುದು. ನಮ್ಮ ಪೂರ್ವಜರಲ್ಲಿ, ಮನುಷ್ಯರಾಗುವ ಎಷ್ಟೋ ಮೊದಲಿನಿಂದಲೂ, ಇದು ಮತ್ತೆ ಮತ್ತೆ ನಡೆದಿದೆ. ಇವತ್ತು ನಮ್ಮ ಡಿಎನ್‌ಎಯಲ್ಲಿ ನೂರಕ್ಕೆ ಸುಮಾರು 8ರಷ್ಟು ಹೀಗೆ ಬಂದದ್ದು. ಪ್ರೋಟೀನ್ ತಯಾರಿಸಲು ಬೇಕಾದ ಸೂಚನೆಗಳಿರುವ ಭಾಗ ನೂರಕ್ಕೆ 2ರಷ್ಟೂ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಈಗ ಪದಗಳಿಗೆ ಬರೋಣ.

ಮೊದಲು ಹೊಳೆದದ್ದು ‘ವೈರಸ್ ಪಳೆಯುಳಿಕೆ’. ಕೇಳಿದ ಕೂಡಲೇ ಅರ್ಥವಾಗುತ್ತದೆ. ಪಳೆಯುಳಿಕೆ ಮಾಡುವ ಕೆಲಸವನ್ನು ಇವೂ ಮಾಡುತ್ತವೆ. ಒಂದೇ ವೈರಸ್ ಮನುಷ್ಯರಲ್ಲೂ ಚಿಂಪಾಂಜಿಗಳಲ್ಲೂ ಡಿಎನ್‌ಎಯ ಅದೇ ಜಾಗದಲ್ಲಿ ಕೂತಿದ್ದರೆ, ಅದು ಇಬ್ಬರ ಪೂರ್ವಜರು ಒಂದೇ ಆಗಿದ್ದ ಕಾಲದಲ್ಲಿ ಸೇರಿದ್ದು ಅಂತ ಲೆಕ್ಕ. ವಯಸ್ಸನ್ನೂ ಅಂದಾಜು ಮಾಡಬಹುದು. ಸೇರುವ ಹೊತ್ತಿಗೆ ವೈರಸ್‌ನ ಎರಡು ತುದಿಗಳಲ್ಲಿ ಒಂದೇ ಅಕ್ಷರಸಾಲು ಇರುತ್ತದೆ. ಆಮೇಲೆ ಎರಡೂ ಬೇರೆ ಬೇರೆಯಾಗಿ ಬದಲಾಗುತ್ತ ಹೋಗುತ್ತವೆ. ತುದಿಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ವೈರಸ್ ಹಳೆಯದು.

ಆದರೆ ಪಳೆಯುಳಿಕೆ ಸತ್ತ ವಸ್ತು. ಇವುಗಳಲ್ಲಿ ಹೆಚ್ಚಿನವು ನಿಜವಾಗಿ ಮುರಿದುಬಿದ್ದಿವೆ, ಅದು ಸರಿ. ಎಲ್ಲವೂ ಹಾಗಿಲ್ಲ. ಸಿನ್ಸಿಟಿನ್ ಎಂಬ ಪ್ರೋಟೀನನ್ನೇ ನೋಡಿ. ವೈರಸ್ ಜೀವಕೋಶಕ್ಕೆ ಅಂಟಿ ಬೆಸೆದುಕೊಳ್ಳಲು ಬಳಸುತ್ತಿದ್ದ ಹೊರಕವಚದ ಪ್ರೋಟೀನ್ ಅದು. ಅದರ ವಂಶವಾಹಿ ಎರಡೂವರೆ ಕೋಟಿ ವರ್ಷಗಳಿಗೂ ಹಿಂದೆ ನಮ್ಮ ಪೂರ್ವಜರಿಗೆ ಬಂದು ಸೇರಿತು. ಇವತ್ತು ಅದು ಗರ್ಭಿಣಿಯ ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಕೆಲಸ ಮಾಡುತ್ತಿದೆ. ಜೀವಕೋಶಗಳನ್ನು ಒಂದಕ್ಕೊಂದು ಬೆಸೆದು, ಸಂದಿಲ್ಲದ ಒಂದು ಪದರ ಮಾಡುತ್ತದೆ. ತಾಯಿಯ ರಕ್ತದಿಂದ ಮಗುವಿಗೆ ಆಹಾರವೂ ಆಮ್ಲಜನಕವೂ ದಾಟುವುದು ಆ ಪದರದ ಮೂಲಕ. ಇದು ಗೊತ್ತಾದದ್ದು 2000ದಲ್ಲಿ. ಇಲಿಗಳಲ್ಲೂ ಇಂಥದ್ದೇ ವಂಶವಾಹಿ ಇದೆ, ಬೇರೆಯೇ ವೈರಸ್‌ನಿಂದ ಬಂದದ್ದು. ಫ್ರಾನ್ಸಿನ ತಿಯರಿ ಹೈಡ್‌ಮನ್ ಅವರ ತಂಡ ಅದನ್ನು ತೆಗೆದುಹಾಕಿ ನೋಡಿತು. ಮರಿಗಳು ಗರ್ಭದಲ್ಲೇ ಸತ್ತವು. ಇಷ್ಟು ಜೀವಂತವಾಗಿರುವುದನ್ನು ಪಳೆಯುಳಿಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಅವಶೇಷ’ಕ್ಕೂ ಇದೇ ತೊಂದರೆ.

‘ಕಸ ಡಿಎನ್‌ಎ’ ಅಂತ ಬರೆಯುವವರೂ ಇದ್ದಾರೆ. ದಯವಿಟ್ಟು ಇದನ್ನು ಬಿಡೋಣ. ನಮ್ಮ ಹಳ್ಳಿಗಳಲ್ಲಿ ಹಸು ಕರು ಹಾಕಿದ ಮೇಲೆ ‘ಕಸ ಬಿತ್ತಾ?’ ಅಂತ ಕೇಳುತ್ತಾರೆ, ಮಾಸಿಗೆ ಆ ಹೆಸರು. ಹಸುವಿನ ಮಾಸಿನಲ್ಲೂ ವೈರಸ್‌ನಿಂದ ಬಂದ ಸಿನ್ಸಿಟಿನ್ ಇದೆ. ಹಸು, ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳಿಗೆ ಅದು ಬೇರೆಯಾಗಿ ಸಿಕ್ಕಿದ್ದು. ಆ ‘ಕಸ’ ಇಲ್ಲದೆ ಕರು ಬೆಳೆಯುವುದಿಲ್ಲ ಅಂತ ಗೊತ್ತಿರುವ ಮಕ್ಕಳ ಮುಂದೆ, ಕೆಲಸಕ್ಕೆ ಬಾರದ್ದು ಅನ್ನುವ ಅರ್ಥದಲ್ಲಿ ಅದೇ ಪದ ಇಟ್ಟರೆ ಗೊಂದಲವಾಗುತ್ತದೆ.

ಹಾಗಾಗಿ ನನ್ನ ಹತ್ತಿರ ಈಗ ಉಳಿದಿರುವುದು ಎರಡು ಪದ.

ಒಂದು, ‘ಬಳುವಳಿ ವೈರಸ್’. ‘ಸಂಗೀತ ಅವರಿಗೆ ತಂದೆಯಿಂದ ಬಳುವಳಿಯಾಗಿ ಬಂದದ್ದು’ ಅಂತ ನಾವೆಲ್ಲ ಹೇಳುತ್ತೇವೆ. ಪೀಳಿಗೆಯಿಂದ ಪೀಳಿಗೆಗೆ ಬಂದದ್ದು ಅನ್ನುವ ಅರ್ಥ ಇದರಲ್ಲಿ ಸಲೀಸಾಗಿ ಬರುತ್ತದೆ. ‘ಪಿತ್ರಾರ್ಜಿತ’ದ ಹಾಗೆ ಅಪ್ಪನ ಕಡೆಗೇ ವಾಲುವುದಿಲ್ಲ. ಆದರೆ ಒಂದು ಅಪಾಯ ಇದೆ. ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಸೋಂಕು ತಗಲಬಹುದು. ಓದುವವರು ಅದನ್ನೂ ‘ಬಳುವಳಿ ವೈರಸ್’ ಅಂದುಕೊಂಡರೆ? ಅದು ಸೋಂಕು, ವಂಶವಾಹಿಯ ಭಾಗವಲ್ಲ. ಈ ವ್ಯತ್ಯಾಸ ಅಳಿಸಿಹೋದರೆ ಪಾಠವೇ ಹಾಳು.

ಇನ್ನೊಂದು, ‘ಮೈಗೂಡಿದ ವೈರಸ್’. ನನ್ನ ಒಲವು ಇದರ ಕಡೆಗೆ. ಅಭ್ಯಾಸ ಮೈಗೂಡುತ್ತದೆ, ಗುಣ ಮೈಗೂಡುತ್ತದೆ ಅನ್ನುತ್ತೇವೆ. ಹೊರಗಿನದು ಬಂದು ನಮ್ಮದೇ ಆಗುವುದು ಎಂಬ ಭಾವ ಪದದಲ್ಲೇ ಇದೆ. ಜೊತೆಗೆ ನನಗೆ ಕ್ರಿಯಾಪದವೂ ಬೇಕು. ಯಾಕೆಂದರೆ ಈ ಕೆಲಸ ಇವತ್ತೂ ನಡೆಯುತ್ತಿದೆ, ಆಸ್ಟ್ರೇಲಿಯಾದ ಕೋಲಾ ಎಂಬ ಮರವಾಸಿ ಪ್ರಾಣಿಗಳಲ್ಲಿ. ಉತ್ತರದ ಕ್ವೀನ್ಸ್‌ಲ್ಯಾಂಡ್‌ನ ಕೋಲಾಗಳಲ್ಲಿ ಒಂದು ರೆಟ್ರೊವೈರಸ್ ಆಗಲೇ ಹುಟ್ಟಿನಿಂದಲೇ ಡಿಎನ್‌ಎಯಲ್ಲಿ ಬರುತ್ತಿದೆ. ದಕ್ಷಿಣಕ್ಕೆ ಹೋದಂತೆ ಅದು ಕಡಿಮೆ. ಅಂದರೆ ಒಂದು ವೈರಸ್ ಪ್ರಾಣಿಯೊಂದರ ವಂಶಕ್ಕೆ ಸೇರುವುದನ್ನು ವಿಜ್ಞಾನಿಗಳು ಕಣ್ಣಾರೆ ನೋಡುತ್ತಿದ್ದಾರೆ. ಕೋಲಾಗಳಿಗೆ ಇದು ಸುಲಭದ ವಿಷಯವಲ್ಲ, ಈ ವೈರಸ್‌ಗೂ ಅವುಗಳ ರಕ್ತದ ಕ್ಯಾನ್ಸರಿಗೂ ನಂಟಿದೆ. ‘ಕೋಲಾಗಳಲ್ಲಿ ಈ ವೈರಸ್ ಮೈಗೂಡುತ್ತಿದೆ’ ಅಂತ ಬರೆದರೆ ಕನ್ನಡದ ವಾಕ್ಯ ಅನಿಸುತ್ತದೆ. ‘ಬಳುವಳಿ’ಯಿಂದ ಇಂಥ ವಾಕ್ಯ ಕಟ್ಟುವುದು ಕಷ್ಟ.

ಒಂದು ಅನುಮಾನ ಮಾತ್ರ ಹೋಗುತ್ತಿಲ್ಲ. ‘ಮೈಗೂಡು’ ಅನ್ನುವುದನ್ನು ನಾವು ಹೆಚ್ಚಾಗಿ ಒಳ್ಳೆಯದಕ್ಕೇ ಬಳಸುತ್ತೇವೆ. ರೋಗ ತರುವ ವೈರಸ್‌ಗೆ ಆ ಪದ ಹೊಂದುತ್ತದಾ? ‘ದುಶ್ಚಟ ಮೈಗೂಡಿತು’ ಅಂತ ನಿಮ್ಮ ಕಡೆ ಯಾರಾದರೂ ಹೇಳುತ್ತಾರಾ? ಧಾರವಾಡ, ಕಲಬುರಗಿ ಕಡೆಯವರೂ ಕರಾವಳಿಯವರೂ ಇದಕ್ಕೆ ಉತ್ತರ ಬರೆದರೆ ನನಗೆ ತುಂಬ ಉಪಕಾರ. ‘ಬಳುವಳಿ’ ಅಂದರೆ ನಿಮ್ಮಲ್ಲಿ ಮದುವೆಯ ಉಡುಗೊರೆ ಮಾತ್ರವಾ ಅನ್ನುವುದನ್ನೂ ತಿಳಿಸಿ.

ಜೊತೆಗೆ ಇನ್ನೊಂದು ಸಣ್ಣ ಪದ. ಎಷ್ಟೋ ಕಡೆ ವೈರಸ್‌ನ ನಡುವಿನ ಭಾಗ ಪೂರ್ತಿ ಕಳಚಿಹೋಗಿ, ಎರಡು ತುದಿಗಳ ಬದಲು ಒಂದೇ ತುದಿ ಉಳಿದಿರುತ್ತದೆ. ಪಕ್ಕದ ವಂಶವಾಹಿಗಳನ್ನು ಚಾಲೂ ಮಾಡುವ ಗುಂಡಿಯಂತೆ ಕೆಲವು ತುದಿಗಳು ಇಂದಿಗೂ ಕೆಲಸ ಮಾಡುತ್ತವೆ. ಸದ್ಯಕ್ಕೆ ‘ಒಂಟಿತುದಿ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ. ಮುಂದಿನ ತಿಂಗಳು ಪುಸ್ತಕ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬಂದ ಸಲಹೆಗಳನ್ನೆಲ್ಲ ನೋಡುತ್ತೇನೆ.