ಅಪ್‌ಡೇಟ್: ಅತ್ತೆಗಾಗಿ ಬರೆದ ರೂತ್ ಚಿತ್ರ ಮುಗೀತು

ವಿರಾಜಪೇಟೆಯ ಮಳೆಯಲ್ಲಿ ಜಲವರ್ಣ ಒಣಗ್ತಿಲ್ಲ, ಬೈಬಲಿನ ರೂತ್ ಹಿಂದಿನ ಆಕಾಶದಲ್ಲಿ ಕಲೆ ಏಳ್ತಿದೆ ಅಂತ ಜುಲೈನಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ದಪ್ಪ ಹತ್ತಿ ಕಾಗದ ತರಿಸಿದೆ. ನೆನೆಸಿ, ಹಲಗೆಗೆ ನಾಲ್ಕೂ ಕಡೆ ಟೇಪ್ ಹಾಕಿ ಕೂರಿಸಿದೆ. ಆದರೆ ನನ್ನನ್ನು ಉಳಿಸಿದ್ದು ಇನ್ನೊಂದು ಮಾತು: ಬಣ್ಣ ಅರ್ಧ ಒಣಗಿದಾಗ ಒದ್ದೆ ಬ್ರಷ್ ಮುಟ್ಟಿಸಬೇಡಿ. ಹೊಸ ನೀರು ಬಣ್ಣವನ್ನು ಅಂಚಿಗೆ ತಳ್ಳುತ್ತೆ, ಕಲೆ ಬೀಳೋದು ಅದಕ್ಕೇ. ಈಗ ಬೆರಳಿನ ಹಿಂಭಾಗ ತಾಗಿಸಿ ನೋಡ್ತೀನಿ. ತಣ್ಣಗಿದ್ದರೆ ಇನ್ನೂ ಹಸಿ. ಒಂದೊಂದು ಪದರಕ್ಕೆ ಅರ್ಧ ದಿನ ಕಾದಿದ್ದೂ ಉಂಟು.

ಮೊದಲು ನಮ್ಮ ಗದ್ದೆಯ ಭತ್ತವನ್ನೇ ಬರೆದಿದ್ದೆ. ಒಬ್ಬರು ತಿದ್ದಿದ್ರಿ. ಬೆತ್ಲೆಹೇಮಿನಲ್ಲಿ ರೂತ್ ಹಕ್ಕಲು (ಕೊಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ) ಆಯೋಕೆ ಹೋಗಿದ್ದು ಜವೆಗೋಧಿ ಕೊಯ್ಲಿನಲ್ಲಿ ಅಲ್ವಾ! ಅದರ ತೆನೆಗೆ ಉದ್ದನೆಯ ಮೀಸೆ. ಹಳದಿ ಒಣಗಿದ ಮೇಲೆ ಒಂದೊಂದೇ ಎಳೆ ಬರೆದೆ. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದೇ.

ರೂತ್ ಮೋವಾಬ್ ಅನ್ನೋ ಪರನಾಡಿನ ಹುಡುಗಿ, ಗಂಡ ಸತ್ತ ಮೇಲೂ ಅತ್ತೆ ನವೊಮಿಯ ಕೈ ಬಿಡದವಳು. ನಮ್ಮತ್ತೆಗೆ ಬೇರೆ ಯಾರನ್ನೂ ಬರೆಯೋಕೆ ಮನಸ್ಸಾಗಲಿಲ್ಲ. ಭಾನುವಾರ ಸಂತ ಅನ್ನಮ್ಮ ಚರ್ಚಿನಿಂದ ಬಂದವರಿಗೆ ಕೊಟ್ಟೆ. ತುಂಬ ಹೊತ್ತು ನೋಡಿದರು. "ಇವಳ ಕಾಲಿಗೆ ಮಣ್ಣು ಹತ್ತಿದೆ ಮಗಳೇ" ಅಂದರು. ಸೊಸೆ ಅನ್ನದೆ ಮಗಳೇ ಅಂದಿದ್ದು ಮೊದಲ ಸಲ.

ಗೋಡೆಗೆ ಥಂಡಿ ಇರೋದ್ರಿಂದ ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಬಿಟ್ಟು ಫ್ರೇಮ್ ಹಾಕಿಸ್ತಿದ್ದೀನಿ.