ಇಬ್ಬರೇ ಶಿಕ್ಷಕರಿರುವ ಶಾಲೆ: ಪಾಠಕ್ಕೆ ಸಮಯ ಉಳಿಸುವುದು ಹೇಗೆ?

ನಲಿಕಲಿ ಟೀಚರ್:
ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ ಇರುವುದು ನಾನು ಮತ್ತು ಮುಖ್ಯ ಶಿಕ್ಷಕರು, ಇಬ್ಬರೇ. 1, 2, 3ನೇ ತರಗತಿ ಒಂದೇ ಕೋಣೆಯಲ್ಲಿ, ನನ್ನ ಬಳಿ. ಸರ್ ಸಭೆಗೋ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೋ ಹೋದ ದಿನ 4, 5 ಕೂಡ ನನ್ನ ಪಾಲಿಗೆ. ಮಧ್ಯೆ ಹಾಲು, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಹಾಜರಿ. ವಾಟ್ಸಾಪ್‌ನಲ್ಲಿ ‘ತುರ್ತು, ಈಗಲೇ ಮಾಹಿತಿ ಕಳಿಸಿ’. ನಲಿ-ಕಲಿಯಲ್ಲಿ (1ರಿಂದ 3ನೇ ತರಗತಿಯವರು ಗುಂಪುಗಳಲ್ಲಿ, ಚಟುವಟಿಕೆಯಿಂದ ಕಲಿಯುವ ಪದ್ಧತಿ) ಮೊದಲ ತಟ್ಟೆಯ, ಅಂದರೆ ಮೊದಲ ಗುಂಪಿನ, ಮಕ್ಕಳಿಗೆ ಪ್ರತಿಯೊಂದನ್ನೂ ಪಕ್ಕದಲ್ಲಿ ಕೂತೇ ಹೇಳಿಕೊಡಬೇಕು. ನಾನು ಎದ್ದರೆ ಅವರ ಕಲಿಕೆ ಅಲ್ಲೇ ನಿಲ್ಲುತ್ತದೆ. ಓದು ಬಾರದಿದ್ದರೆ ಮಾತ್ರ ನೋಟಿಸ್ ನನಗೆ, ಜೊತೆಗೆ ಇನ್ನೊಂದು ತರಬೇತಿ. ನನಗೆ ಬೇಕಿರುವುದು ಸಮಯ. ನಿಮ್ಮಲ್ಲಿ ಹೇಗೆ ಮಾಡಿಕೊಂಡಿದ್ದೀರಿ?

ನಿವೃತ್ತ ಎಚ್‌ಎಂ:
ಮೇಡಂ, ಬೆಳಗಿನ ವಿರಾಮದವರೆಗೆ ನಮ್ಮ ಶಾಲೆಯಲ್ಲಿ ಯಾವ ಶಿಕ್ಷಕರೂ ಫೋನ್ ನೋಡುತ್ತಿರಲಿಲ್ಲ. ಮಾಹಿತಿ ಕೇಳಿದರೆ ‘ಮೂರು ಗಂಟೆಗೆ ಕಳಿಸುತ್ತೇನೆ’ ಎಂದು ಸಿಆರ್‌ಪಿಗೆ (ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ) ನಾನೇ ಹೇಳುತ್ತಿದ್ದೆ. ಬೈಗುಳ ಬಂದರೆ ನನಗೆ ಬರಲಿ. ಅದು ಮುಖ್ಯ ಶಿಕ್ಷಕರ ಕೆಲಸವೇ, ಅಲ್ವಾ? ಆಗಾಗ ತರಗತಿಯ ಹಿಂದಿನ ಸಾಲಿನಲ್ಲಿ ಕೂತು ಪಾಠ ನೋಡುತ್ತಿದ್ದೆ. ಆಮೇಲೆ ಇಬ್ಬರೂ ಕೂತು ಮಾತಾಡುತ್ತಿದ್ದೆವು. ತಪಾಸಣೆ ಅಂತ ಹೆದರಿಸಿದರೆ ಶಿಕ್ಷಕರು ದಾಖಲೆಯನ್ನು ಚೆಂದ ಮಾಡುತ್ತಾರೆ, ಪಾಠವನ್ನಲ್ಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ:
ನಮ್ಮೂರಲ್ಲಿ ಅಕ್ಕಿ, ಮೊಟ್ಟೆ, ಹಾಲಿನ ಪುಡಿ ಬಂದಾಗ ಪೋಷಕರೇ ಎಣಿಸಿ ಬರೆದಿಡುತ್ತೇವೆ. ಟೀಚರ್ ಸಂಜೆ ನೋಡಿ ಸಹಿ ಹಾಕುತ್ತಾರೆ. ಕೇಳಿದರೆ ಜನ ಬರುತ್ತಾರೆ ಮೇಡಂ. ಸುಮ್ನೆ ಒಬ್ಬರೇ ಹೊರಬೇಡಿ.

ಪ್ರೌಢಶಾಲೆ ಮೇಷ್ಟ್ರು:
ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಂತಿಲ್ಲ. ಆದರೆ ಶಾಲೆಯೊಳಗಿನ ಕಾಗದದ ಹೊರೆ ಅದರಲ್ಲಿ ಬರುವುದಿಲ್ಲ. ಅದೇ ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ತರಗತಿ ಐದು! ನಿಮ್ಮ ಮಕ್ಕಳ ಓದು ಹಿಂದೆ ಬಿದ್ದರೆ ಅದನ್ನು ನಿಮ್ಮೊಬ್ಬರ ಸಾಮರ್ಥ್ಯದ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ನಲಿಕಲಿ ಟೀಚರ್:
ಎಲ್ಲರಿಗೂ ಧನ್ಯವಾದ. ದಾಸ್ತಾನಿನ ವಿಷಯವನ್ನು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇಡುತ್ತೇನೆ. ಎಚ್‌ಎಂ ಸರ್, ಒಂದು ಕೇಳಬೇಕಿತ್ತು. ನಮ್ಮ ಸರ್ ಪ್ರಭಾರಿ ಮುಖ್ಯ ಶಿಕ್ಷಕರು, ಮೇಲಿನವರಿಗೆ ‘ಮೂರು ಗಂಟೆಗೆ’ ಎನ್ನಲು ಹಿಂಜರಿಯುತ್ತಾರೆ. ಕ್ಲಸ್ಟರಿನ ಎಲ್ಲ ಶಾಲೆಯವರೂ ಸೇರಿ ಸಮಾಲೋಚನಾ ಸಭೆಯಲ್ಲೇ ಇದನ್ನು ಕೇಳಿದರೆ ಹೇಗೆ?