ಎಣ್ಣೆ ಬಾವಿಗೆ ನೀರು ಬರಬಾರದು ಅಂತ ಸಿಮೆಂಟ್ ತುಂಬುತ್ತಾರಂತೆ, ನಿಜವಾ?

ತಿಪಟೂರು ತೋಟ:
ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ತೋಟದಲ್ಲಿ ಬೋರ್ ಕೊರೆಸಿದೆವು. ತಿರುಚೆಂಗೋಡಿನ ಲಾರಿ ಬಂದಿತ್ತು. ಮೇಲಿನ ಮಣ್ಣು ಕುಸಿಯದ ಹಾಗೆ ಅರವತ್ತು ಅಡಿ ಕೇಸಿಂಗ್ ಇಳಿಸಿದರು. ಅದರ ಕೆಳಗೆ ಬರೀ ಬಂಡೆ, ಪೈಪೇ ಇಲ್ಲ. ಲಾರಿಯವರಲ್ಲಿ ಒಬ್ಬರು ಹಿಂದೆ ಎಣ್ಣೆ ರಿಗ್‌ನಲ್ಲಿ ಇದ್ದವರಂತೆ. "ಅಲ್ಲಿ ಪೈಪಿನ ಸುತ್ತ ಸಿಮೆಂಟ್ ತುಂಬುತ್ತಾರೆ, ನೀರು ಬರಬಾರದು ಅಂತ" ಎಂದರು. ನಾವಿಲ್ಲಿ ನೀರು ಬರಲಿ ಅಂತ ತೆಂಗಿನಕಾಯಿ ಒಡೆದು ಕೂತಿದ್ದೇವೆ!

ನನ್ನ ಅನುಮಾನ ಎರಡು. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅಲ್ವಾ? ಎರಡೂ ಒಟ್ಟಿಗೆ ಮೇಲೆ ಬಂದರೆ ಬೇರೆ ಮಾಡಿಕೊಂಡರಾಯಿತು, ಇಷ್ಟೆಲ್ಲ ಕಷ್ಟ ಯಾಕೆ? ಮತ್ತೆ ಸಾವಿರಾರು ಅಡಿ ಆಳದಲ್ಲಿ ಪೈಪಿನ ಹೊರಗಡೆಗೆ ಸಿಮೆಂಟ್ ಹೋಗುವುದಾದರೂ ಹೇಗೆ? ಮೇಲಿಂದ ಸುರಿಯುತ್ತಾರಾ?

ಸೈಟ್ ಸಾಹೇಬ:
ನನಗೆ ಗೊತ್ತಿರುವುದು ಪೈಲ್ ಕೆಲಸ, ಅಂದರೆ ಅಡಿಪಾಯಕ್ಕೆ ಆಳದ ಗುಂಡಿ ಕೊರೆದು ಕಾಂಕ್ರೀಟ್ ತುಂಬುವುದು. ಅಲ್ಲಿ ಟ್ರೆಮಿ ಪೈಪ್ ಇಳಿಸಿ ತಳದಿಂದ ಕಾಂಕ್ರೀಟ್ ತುಂಬುತ್ತಾ ಬರುತ್ತೇವೆ, ಕೆಸರು ನೀರು ತಾನಾಗಿ ಮೇಲೆ ಬರುತ್ತದೆ. ಅಲ್ಲೂ ಹಾಗೇ ಇರಬೇಕು. ಗುಜರಾತಿನಲ್ಲಿ ರಿಗ್‌ನಲ್ಲಿರುವ ಗದಗಿನವರೊಬ್ಬರು ಇಲ್ಲಿ ಬರೆಯುತ್ತಿದ್ದರಲ್ಲ, ಎಲ್ಲಿ ಹೋದರು ಅವರು?

ಮೆಹ್ಸಾಣಾ ಗದುಗಿನವ:
ಇಲ್ಲೇ ಇದ್ದೇನೆ ಸಾಹೇಬರೇ. ನೈಟ್ ಶಿಫ್ಟ್ ಮುಗಿಸಿ ಈಗ ಕ್ಯಾಂಪಿಗೆ ಬಂದೆ. ಉತ್ತರ ಉದ್ದ ಆದರೆ ಬೇಜಾರಾಗಬೇಡಿ, ನಾನು ಮಾಡುವುದು ಇದೇ ಸಿಮೆಂಟಿಂಗ್ ಕೆಲಸ. ಊರಲ್ಲಿ ನಮ್ಮವ್ವ ಎಲ್ಲರಿಗೂ "ಮಗ ಗಾರೆ ಕೆಲಸ ಮಾಡತಾನ" ಅಂತಲೇ ಹೇಳುವುದು. ಪೂರ್ತಿ ಸುಳ್ಳೂ ಅಲ್ಲ.

ತೋಟದ ಸರ್, ನೀರು ಬೇರೆ ಮಾಡಿಯೇ ಮಾಡುತ್ತೇವೆ. ಪ್ರಪಂಚದ ಸರಾಸರಿ ಹಿಡಿದರೆ ಒಂದು ಬ್ಯಾರೆಲ್ ಎಣ್ಣೆಗೆ ಸುಮಾರು ಮೂರು ಬ್ಯಾರೆಲ್ ನೀರು ಬರುತ್ತದೆ ಅನ್ನುವುದು ನಮ್ಮ ಲೈನಿನಲ್ಲಿ ಎಲ್ಲರೂ ಹೇಳುವ ಲೆಕ್ಕ. ಬ್ಯಾರೆಲ್ ಅಂದರೆ 159 ಲೀಟರ್. ಅದು ತೆಂಗಿಗೆ ಬಿಡುವ ನೀರಲ್ಲ. ಎಷ್ಟೋ ಕಡೆ ಸಮುದ್ರಕ್ಕಿಂತ ಉಪ್ಪು. ಪೈಪು ತಿನ್ನುತ್ತದೆ. ಎಣ್ಣೆ ಜೊತೆ ಕಲಸಿಕೊಂಡು ಬಂದರೆ ಸುಮ್ನೆ ಬಿಟ್ಟ ಮಾತ್ರಕ್ಕೆ ಬೇರೆಯಾಗುವುದಿಲ್ಲ, ಬಿಸಿ ಮಾಡಿ ಕೆಮಿಕಲ್ ಹಾಕಬೇಕು. ಆಮೇಲೆ ಅಷ್ಟು ಉಪ್ಪು ನೀರನ್ನು ಎಲ್ಲಿ ಚೆಲ್ಲುತ್ತೀರಿ?

ಇದೆಲ್ಲ ಮೇಲಿನ ತಾಪತ್ರಯ. ಅಸಲಿ ಪೆಟ್ಟು ಕೆಳಗೆ. ನೀರು ಎಣ್ಣೆಗಿಂತ ಭಾರ. ಬಾವಿಯೊಳಗೆ ನೀರು ತುಂಬಿ ನಿಂತರೆ ಅದರ ಭಾರಕ್ಕೇ ಎಣ್ಣೆ ಒಳಗೆ ಬರುವುದು ನಿಲ್ಲುತ್ತದೆ. ಇನ್ನು ಮೇಲಿನ ಪದರದ ನೀರು ಬಾವಿಯ ಮೂಲಕ ಇಳಿದು ಎಣ್ಣೆ ಇರುವ ಮರಳಿಗೆ ನುಗ್ಗಿತು ಅನ್ನಿ, ಪಕ್ಕದವನ ಬಾವಿಯೂ ಹೋಯಿತು.

ಈ ಗೋಳು ಹಳೆಯದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1859ರಲ್ಲಿ ಎಡ್ವಿನ್ ಡ್ರೇಕ್ ಕೊರೆಯುವಾಗ ನೀರು, ಮಣ್ಣು ಕುಸಿದು ಗುಂಡಿಯೇ ನಿಲ್ಲುತ್ತಿರಲಿಲ್ಲ. ಆತ ಕಬ್ಬಿಣದ ಪೈಪನ್ನು ಬಂಡೆ ಸಿಗುವವರೆಗೆ, 32 ಅಡಿ, ಬಡಿದು ಇಳಿಸಿ ಅದರೊಳಗಿಂದ ಕೊರೆದ. 69 ಅಡಿ ದಾಟಿದಾಗ ಎಣ್ಣೆ. ನಿಮ್ಮ ಬೋರಿನ ಅರವತ್ತು ಅಡಿ ಕೇಸಿಂಗ್ ಕೂಡ ಅದೇ ಉಪಾಯ, ಸರ್.

ಆಮೇಲೆ ಬಂದವರು ಇನ್ನೂ ಆಳಕ್ಕೆ ಹೋದರು. ಆಗ ನೀರು ತಡೆಯಲು ಅವರು ಬಳಸಿದ್ದು ಏನು ಗೊತ್ತಾ? ಅಗಸೆ ಬೀಜ! ನಮ್ಮ ಕಡೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯ ಅದೇ ಅಗಸಿ. ತೊಗಲಿನ ಚೀಲದಲ್ಲಿ ಒಣ ಬೀಜ ತುಂಬಿ, ಎಣ್ಣೆ ಎತ್ತುವ ಕೊಳವೆಗೆ ಸುತ್ತಿ, ಎರಡೂ ತುದಿ ಬಿಗಿದು ಕಟ್ಟಿ ಇಳಿಸುತ್ತಿದ್ದರು. ಬೀಜ ನೆನೆದು ಉಬ್ಬಿ ಕೊಳವೆಗೂ ಬಂಡೆಗೂ ನಡುವಿನ ಸಂದು ಮುಚ್ಚುತ್ತಿತ್ತು. ಅಗಸಿ ನೆನೆಹಾಕಿದ ಪಾತ್ರೆಗೆ ಬೆರಳು ಅದ್ದಿದವರಿಗೆ ಆ ಲೋಳೆಯ ಅಂಟು ಹೇಳಿಕೊಡಬೇಕಾಗಿಲ್ಲ. ತೊಂದರೆ ಒಂದೇ. ರಿಪೇರಿಗೆ ಅಂತ ಕೊಳವೆ ಎತ್ತಿದರೆ ಚೀಲವೂ ಕಿತ್ತುಕೊಂಡು ಬರುತ್ತಿತ್ತು. ಮೇಲಿದ್ದ ನೀರೆಲ್ಲ ದಬದಬ ಬಾವಿಗೆ. ಈಗಲೂ ಕೆಲವು ಬಾವಿಗಳಿಗೆ ನೀರು ತಾಗಿದರೆ ಉಬ್ಬುವ ರಬ್ಬರ್ ಪ್ಯಾಕರ್ ಇಳಿಸುತ್ತೇವೆ. ಅದರ ಬಿಲ್ ನೋಡಿದಾಗಲೆಲ್ಲ ನನಗೆ ಅಗಸಿ ಚೀಲ ನೆನಪಾಗುತ್ತದೆ.

ಸಿಮೆಂಟಿನ ಕಥೆ ಕ್ಯಾಲಿಫೋರ್ನಿಯಾದ್ದು. 1903ರಲ್ಲಿ ಲೊಂಪಾಕ್‌ನಲ್ಲಿ ಯೂನಿಯನ್ ಆಯಿಲ್ ಕಂಪನಿಯ ಫ್ರಾಂಕ್ ಹಿಲ್ 50 ಚೀಲ ಸಿಮೆಂಟ್ ಕಲಸಿ ಬಾವಿಯ ತಳಕ್ಕೆ ಇಳಿಸಿದ. 28 ದಿನ ಬಿಟ್ಟು, ಗಟ್ಟಿಯಾದದ್ದನ್ನು ಕೊರೆದು ಎಣ್ಣೆಗೆ ಹೋದ. ಮೇಲಿನ ನೀರು ನಿಂತಿತ್ತು. ಸೈಟ್ ಸಾಹೇಬರೇ, ಕಾಂಕ್ರೀಟಿನ ಗಟ್ಟಿತನ ನೋಡುವ ನಿಮ್ಮ ಕ್ಯೂಬ್ ಟೆಸ್ಟಿಗೂ 28 ದಿನವೇ ಅಲ್ವಾ! ಈಗ ನಾವು ಅಷ್ಟು ಕಾಯುವುದಿಲ್ಲ, ಹೆಚ್ಚಿನ ಬಾವಿಗಳಲ್ಲಿ ಒಂದು ದಿನದ ಆಚೀಚೆ ಮುಂದಿನ ಕೆಲಸ ಶುರು. ನೀರಿನ ಕಾಟ ಎಷ್ಟಿತ್ತೆಂದರೆ 1915ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೇ ಕಾನೂನು ತಂದಿತು. ನೀರು ನಿಂತಿದೆಯಾ ಅಂತ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಬಾವಿಯಲ್ಲಿದ್ದ ನೀರು ಮೊಗೆದು ತೆಗೆದು, ಹೊತ್ತು ಬಿಟ್ಟು, ಮಟ್ಟ ಮತ್ತೆ ಏರಿದೆಯಾ ಅಂತ ನೋಡುವುದು. ಅಷ್ಟೇ ಪರೀಕ್ಷೆ. ಒಬ್ಬನ ಅಸಡ್ಡೆಗೆ ಹತ್ತು ಜನರ ಬಾವಿ ಮುಳುಗುವ ಕಡೆ ಇಂಥ ಕಾನೂನು ಇರಲೇಬೇಕು ಅನ್ನುವವನು ನಾನು.

ಇನ್ನು ಸಿಮೆಂಟ್ ಹೋಗುವ ದಾರಿ. ಹೊರಗಿನಿಂದ ಸುರಿಯುವುದಿಲ್ಲ. ಪೈಪಿನ ಒಳಗಿಂದ ಇಳಿಸಿ, ತಳದಲ್ಲಿ ಹೊರಳಿಸಿ, ಹೊರಗಿನ ಸಂದಿನಲ್ಲಿ ಮೇಲಕ್ಕೆ ಹತ್ತಿಸುವುದು. ಕೊರೆಯುವಾಗ ಬಳಸಿದ ಕೆಸರು, ನಾವು ಮಡ್ ಅನ್ನುತ್ತೇವೆ, ಬಾವಿ ತುಂಬ ಇರುತ್ತದೆ. ಅದೂ ಸಿಮೆಂಟೂ ಸೇರಿದರೆ ಎರಡೂ ಕೆಡುತ್ತವೆ. ಅದಕ್ಕೆ ನಡುವೆ ರಬ್ಬರ್ ಪ್ಲಗ್. ಮುಂದೆ ಹೋಗುವ ಪ್ಲಗ್ಗಿಗೆ ನಡುವೆ ತೆಳು ಪೊರೆ. ಅದರ ಹಿಂದೆ ಸ್ಲರಿ, ಅಂದರೆ ನೀರಲ್ಲಿ ಕಲಸಿದ ಸಿಮೆಂಟ್. ಅದರ ಹಿಂದೆ ಗಟ್ಟಿ ಪ್ಲಗ್. ಅದನ್ನು ಮಡ್‌ನಿಂದ ತಳ್ಳುತ್ತೇವೆ. ಮೊದಲ ಪ್ಲಗ್ ತಳಕ್ಕೆ ಕೂತಾಗ ಪೊರೆ ಹರಿದು ಸ್ಲರಿ ಹೊರಗೆ ಹೋಗುತ್ತದೆ. ಗಟ್ಟಿ ಪ್ಲಗ್ ಬಂದು ಕೂತಾಗ ದಾರಿ ಬಂದ್, ಗೇಜಿನ ಮುಳ್ಳು ಸರ್ರನೆ ಏರುತ್ತದೆ. "ಬಂಪ್ ಆಯ್ತು" ಅನ್ನುತ್ತೇವೆ. ಅಲ್ಲಿವರೆಗೆ ಪಂಪ್ ಹತ್ತಿರ ಯಾರಿಗೂ ಮಾತು ಬೇಡ. ಕ್ಯಾಲಿಫೋರ್ನಿಯಾದ ಪರ್ಕಿನ್ಸ್ 1910ರ ಹೊತ್ತಿಗೆ ತಂದ ಪದ್ಧತಿ ಇದು, ಇವತ್ತಿಗೂ ಬದಲಾಗಿಲ್ಲ. ಅವನ ಕೈಕೆಳಗೆ ದುಡಿದ ಅರ್ಲ್ ಹ್ಯಾಲಿಬರ್ಟನ್ ಆಮೇಲೆ ಓಕ್ಲಹೋಮಾಕ್ಕೆ ಹೋಗಿ ತನ್ನದೇ ಕಂಪನಿ ಕಟ್ಟಿದ. ಹೆಸರು ಕೇಳಿರುತ್ತೀರಿ.

ಎಣ್ಣೆ ಬಾವಿಗೆಂದೇ ಮಾಡುವ ನಮ್ಮ ಜಿ ಕ್ಲಾಸ್ ಸಿಮೆಂಟಿಗೆ 100 ಕೆಜಿಗೆ 44 ಲೀಟರ್ ನೀರು. ಕಲಸಿದ್ದು ನೀರಿನ 1.9 ಪಟ್ಟು ತೂಗಬೇಕು. ಕಲಸುತ್ತಿರುವಾಗ ಆಗಾಗ ಒಂದು ಕಾಗದದ ಲೋಟ ಸ್ಲರಿ ಹಿಡಿದು, ಮೇಲೆ ಟೈಮ್ ಬರೆದು, ಸಾಲಾಗಿ ಇಡುತ್ತೇವೆ. ಆಮೇಲೆ ಆ ಕಡೆ ಹೋದವರೆಲ್ಲ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡುವವರೇ. ಅಡುಗೆಯವನೂ ಬಿಡುವುದಿಲ್ಲ. ಲೋಟ ಇನ್ನೂ ಮೆತ್ತಗಿದೆ ಅಂತ ಹೊಸ ಹುಡುಗರು ಗಾಬರಿ ಆಗುತ್ತಾರೆ. ಕೆಳಗಿನ ಕಾವು ಬೇರೆ, ಒತ್ತಡ ಬೇರೆ. ಲೋಟ ಮೆತ್ತಗಿರುವಾಗಲೇ ಕೆಳಗೆ ಕಲ್ಲಾಗಿರುತ್ತದೆ.

ನೀರು ನಿಲ್ಲುವುದು ಸಿಮೆಂಟ್ ಜಾಸ್ತಿ ಸುರಿದಿದ್ದಕ್ಕಲ್ಲ, ಪೈಪ್ ನಡುವೆ ನಿಂತಿದ್ದಕ್ಕೆ. ಎಂಟೂವರೆ ಇಂಚಿನ ಗುಂಡಿಯಲ್ಲಿ ಏಳು ಇಂಚಿನ ಪೈಪ್. ಸರಿಯಾಗಿ ನಿಂತರೆ ಸುತ್ತಲೂ ಮುಕ್ಕಾಲು ಇಂಚು ಸಂದು. ಗುಂಡಿ ಸ್ವಲ್ಪ ಓರೆಯಾದರೂ ಪೈಪ್ ಒಂದು ಪಕ್ಕಕ್ಕೆ ಒರಗುತ್ತದೆ. ಸ್ಲರಿ ಅಗಲ ಇದ್ದ ಕಡೆಯೇ ಓಡುತ್ತದೆ. ಇಕ್ಕಟ್ಟಿನಲ್ಲಿ ಮಡ್ ಹಾಗೇ ಕೂತಿರುತ್ತದೆ, ನಾಳೆ ಅದೇ ನೀರಿಗೆ ದಾರಿ. ಪೈಪಿಗೆ ಬಿಲ್ಲಿನಂತೆ ಬಾಗಿದ ಸ್ಪ್ರಿಂಗ್ ಪಟ್ಟಿಗಳ ಸೆಂಟ್ರಲೈಸರ್ ಹಾಕುವುದು ಇದಕ್ಕೇ. ಒಂದು ಬಾವಿಯಲ್ಲಿ ಸ್ಟಾಕ್ ಸಾಲದು, ಇರುವಷ್ಟರಲ್ಲೇ ಮುಗಿಸಿ ಅಂತ ಬಾವಿಯವರ ಕಡೆಯ ಸಾಹೇಬರು ಹಟ ಹಿಡಿದರು. ಒಂದು ದಿನದ ರಿಗ್ ಬಾಡಿಗೆ ಉಳಿಯಿತು. ಬಾವಿ ಶುರುವಾದ ಮೇಲೆ ಮುಕ್ಕಾಲು ಪಾಲು ನೀರೇ ಬಂತು. ಅದನ್ನು ಸರಿಮಾಡಲು ರಿಗ್ ಮತ್ತೆ ತಂದು ನಿಲ್ಲಿಸಿದರಲ್ಲ, ಆ ಬಾಡಿಗೆ ಯಾರೂ ಲೆಕ್ಕ ಹಾಕಲಿಲ್ಲ.

ತಿಪಟೂರು ತೋಟ:
ಅಬ್ಬಾ, ತುಂಬಾ ಥ್ಯಾಂಕ್ಸ್ ಸರ್. ಪೈಪಿನ ಹಿಂದೆ ದಾರಿ ಆಗಿದೆ ಅಂತ ಗೊತ್ತಾಗುವುದು ಹೇಗೆ? ಅದನ್ನು ಆಮೇಲೆ ಮುಚ್ಚಬಹುದಾ?

ಮೆಹ್ಸಾಣಾ ಗದುಗಿನವ:
ಸದ್ದು ಮಾಡುವ ಉಪಕರಣವೊಂದನ್ನು ಪೈಪಿನೊಳಗೆ ಇಳಿಸುತ್ತಾರೆ, ಬಾಂಡ್ ಲಾಗ್ ಅಂತ. ಹೊಸ ಮನೆಯಲ್ಲಿ ಟೈಲ್ಸ್ ತಟ್ಟಿ ನೋಡಿದ ಹಾಗೆ. ಹಿಂದೆ ಟೊಳ್ಳಿದ್ದರೆ ಪೈಪ್ ಗಣ ಅನ್ನುತ್ತದೆ, ಸಿಮೆಂಟ್ ಹಿಡಿದಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಟೊಳ್ಳು ಸಿಕ್ಕಿದ ಕಡೆ ಪೈಪಿಗೆ ತೂತು ಹೊಡೆದು ಒತ್ತಡದಲ್ಲಿ ಸಿಮೆಂಟ್ ನುಗ್ಗಿಸುತ್ತೇವೆ, ಸ್ಕ್ವೀಜ್ ಅಂತ. ಒಮ್ಮೊಮ್ಮೆ ಒಂದೇ ಸಲಕ್ಕೆ ಕೂಡುತ್ತದೆ. ಒಮ್ಮೊಮ್ಮೆ ಸತಾಯಿಸುತ್ತದೆ. ಸಂದು ತೀರಾ ಸಣ್ಣದಾದರೆ ಮಾಮೂಲಿ ಸಿಮೆಂಟಿನ ಕಾಳೇ ಒಳಗೆ ಹೋಗುವುದಿಲ್ಲ, ಅದಕ್ಕೆ ಇನ್ನೂ ನುಣ್ಣಗೆ ಬೀಸಿದ ಸಿಮೆಂಟ್ ಬೇಕು.

ಆದರೆ ಪೈಪಿನ ಹಿಂದಿಂದ ಬಾರದೆ, ಎಣ್ಣೆ ಇರುವ ಕಲ್ಲಿನೊಳಗಿಂದಲೇ ಬರುವ ನೀರು ಇದೆಯಲ್ಲ, ಅದಕ್ಕೆ ನನ್ನ ಸಿಮೆಂಟ್ ಏನೂ ಮಾಡಲಾರದು. ಕೆಳಗೆ ನೀರು, ಅದರ ಮೇಲೆ ಎಣ್ಣೆ. ದುರಾಸೆಗೆ ಜೋರಾಗಿ ಎಳೆದರೆ ನೀರು ಬಾವಿಯ ಕಡೆಗೆ ಗೋಪುರದ ಹಾಗೆ ಏರಿ ಬರುತ್ತದೆ. ಎಣ್ಣೆ ಒಳಗೆ ಬರಲಿ ಅಂತ ಪೈಪಿಗೆ ಹೊಡೆದ ತೂತುಗಳಲ್ಲಿ ಕೆಳಗಿನವನ್ನು ಮುಚ್ಚಿ ಮೇಲಿನವನ್ನಷ್ಟೇ ಉಳಿಸಬಹುದು, ನಿಧಾನ ಎಳೆಯಬಹುದು. ಅಷ್ಟೇ. ತಮಾಷೆ ಅಂದರೆ ಮುಂಬೈ ಕಡಲಿನ ಎಣ್ಣೆ ಕ್ಷೇತ್ರ ಮುಂಬೈ ಹೈನಲ್ಲಿ ಸಮುದ್ರದ ನೀರನ್ನು ಸೋಸಿ ನಾವೇ ಕಲ್ಲಿನೊಳಗೆ ತುಂಬುತ್ತೇವೆ, ಎಣ್ಣೆಯನ್ನು ಹಿಂದಿನಿಂದ ತಳ್ಳಲಿ ಅಂತ. ಅದೂ ಒಂದು ದಿನ ಬಾವಿಗೆ ಬಂದೇ ಬರುತ್ತದೆ.

ಕುಂದಾಪ್ರ ಕಡಲು:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮದು ಕಡಲ ಬದಿಯ ಮನೆ, ಹೊಯ್ಗೆ ನೆಲ. ಮೊದಲು ಬಾವಿ ನೀರು ಸಿಹಿ ಇತ್ತು. ಪಂಪ್ ಹಾಕಿದ ಮೇಲೆ ಏಪ್ರಿಲ್ ಬಂದರೆ ಉಪ್ಪು. ಬಾವಿಯ ತಳಕ್ಕೆ ಸಿಮೆಂಟ್ ಹಾಕಿ ಮುಚ್ಚಿದರೆ ನಿಲ್ಲುತ್ತದಾ? ಒಬ್ಬರು ಮಾಡಿಕೊಡುತ್ತೇನೆ ಅಂತ ಬಂದಿದ್ದಾರೆ.

ಮೆಹ್ಸಾಣಾ ಗದುಗಿನವ:
ದುಡ್ಡು ಕೊಡಬೇಡಿ! ನಾನು ಮೇಲೆ ಹೇಳಿದ ಗೋಪುರವೇ ನಿಮ್ಮ ಬಾವಿಯಲ್ಲೂ ಏಳುತ್ತಿರುವುದು. ಎಣ್ಣೆಯ ಜಾಗದಲ್ಲಿ ಸಿಹಿನೀರು, ಅಷ್ಟೇ ವ್ಯತ್ಯಾಸ. ಕಡಲ ಬದಿಯ ಹೊಯ್ಗೆಯಲ್ಲಿ ಮಳೆಯ ಸಿಹಿನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಗೈಬೆನ್ ಮತ್ತು ಹರ್ಜ್‌ಬರ್ಗ್ ಅನ್ನುವವರ ಹೆಸರಿನ ಹಳೆಯ ಲೆಕ್ಕ ಇದೆ. ಸಮುದ್ರ ಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲಿದ್ದರೆ, ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಹಾಗಾದರೆ ಪಂಪ್ ಎಳೆದು ಮೇಲೆ ಒಂದು ಅಡಿ ಇಳಿದೇ ಉಳಿದರೆ? ಕೆಳಗಿಂದ ಉಪ್ಪು ನಿಧಾನಕ್ಕೆ 40 ಅಡಿ ಏರಬಹುದು. ತಳ ಮುಚ್ಚಿದರೆ ಅದು ಪಕ್ಕದ ಹೊಯ್ಗೆಯಿಂದ ಬರುತ್ತದೆ.

ಬಾವಿ ಇನ್ನೂ ಆಳ ಮಾಡಿಸಬೇಡಿ, ಉಪ್ಪಿಗೆ ಹತ್ತಿರ ಹೋಗುತ್ತೀರಿ. ಪಂಪ್ ಸಣ್ಣದು ಹಾಕಿ, ಫುಟ್ ವಾಲ್ವ್ ತಳಕ್ಕೆ ಬಿಡದೆ ಮೇಲೆ ಎತ್ತಿ ಕಟ್ಟಿ, ಒಂದೇ ಸಲ ಟ್ಯಾಂಕ್ ತುಂಬಿಸದೆ ಸ್ವಲ್ಪ ಸ್ವಲ್ಪ ಎಳೆಯಿರಿ. ಚಾವಣಿಯ ಮಳೆ ನೀರು ಅಂಗಳದಲ್ಲೇ ಇಂಗುವ ಹಾಗೆ ಮಾಡಿ. ಈಗಿನ ಪಂಪ್ ಎಷ್ಟು ಎಚ್‌ಪಿ, ನೀರಿನ ಮಟ್ಟದಿಂದ ತಳಕ್ಕೆ ಎಷ್ಟು ಅಡಿ, ಇಷ್ಟು ಬರೆದು ಹಾಕಿ. ನಿದ್ದೆ ಮುಗಿಸಿ ಎದ್ದು ನೋಡುತ್ತೇನೆ.